ಮಾತಿನ ಕಲೆಯಲ್ಲಿ ಯಂತ್ರ ಮತ್ತು ವಿಜ್ಞಾನ: ಠಾಣೆ–ಕಲ್ಯಾಣ ಪರಿಸರದ ತಾಳಮದ್ದಳೆಯನ್ನು ಕುರಿತು

1

ಮುಂಬಯಿ ಕನ್ನಡಿಗರ ಸಾಂಸ್ಕೃತಿಕ ಬದುಕನ್ನು ಕುರಿತ ಬರಹಗಳಲ್ಲಿ ಮಾಟುಂಗ, ಫೋರ್ಟ್ ಮೊದಲಾದ ಒಳನಗರದ ಸಂಸ್ಥೆಗಳಿಗೆ ಮೊದಲ ಸ್ಥಾನ ದೊರೆಯುವುದು ಸಹಜ. ಆದರೆ ನಗರ ಬೆಳೆದಂತೆ ಕನ್ನಡ ಕುಟುಂಬಗಳು ರೈಲುಹಳಿಯನ್ನು ಅನುಸರಿಸಿ ಹೊರವಲಯಕ್ಕೆ ಸರಿದವು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ರೈಲಿನ ದಾರಿಯೇ ಮರುವರ್ಷ ಕಲ್ಯಾಣದವರೆಗೆ ಬೆಳೆಯಿತು. ಒಂದು ಶತಮಾನದ ನಂತರ ಸಾವಿರಾರು ಕನ್ನಡಿಗರ ನಿತ್ಯದ ದಾರಿಯೂ ಆಯಿತು. 1970ರಲ್ಲಿ ಸಿಡ್ಕೋ ಸ್ಥಾಪನೆಯಾದ ಮೇಲೆ ಖಾಡಿಯ ಆಚೆ ನವಿ ಮುಂಬಯಿ ರೂಪುಗೊಂಡಿತು. ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಗಳು, ಠಾಣೆ–ಬೇಲಾಪುರದ ಔದ್ಯೋಗಿಕ ಪಟ್ಟಿ, ಬ್ಯಾಂಕು, ಹೋಟೆಲುಗಳು ಈ ಜನರಿಗೆ ಅನ್ನ ಕೊಟ್ಟವು. ಮಂಜುನಾಥ ವಿದ್ಯಾಲಯವನ್ನು ನಡೆಸುವ ಡೊಂಬಿವಲಿ ಕರ್ನಾಟಕ ಸಂಘ, ವಾಶಿಯ ನವಿ ಮುಂಬಯಿ ಕನ್ನಡ ಸಂಘ ಮೊದಲಾದ ಸಂಸ್ಥೆಗಳು ಅವರ ನುಡಿಗೆ ನೆಲೆ ಕೊಟ್ಟವು.

ಹಗಲು ಪ್ರಯೋಗಾಲಯದಲ್ಲಿಯೋ ಯಂತ್ರಶಾಲೆಯಲ್ಲಿಯೋ ದುಡಿಯುವ ಈ ಜನರಲ್ಲಿ ಹಲವರು ರವಿವಾರ ಸಂಜೆ ಸಭಾಗೃಹದಲ್ಲಿ ಕುಳಿತು ಕರ್ಣನ ಸಂಕಟವನ್ನೋ ವಾಲಿಯ ಪ್ರಶ್ನೆಯನ್ನೋ ಕೇಳುತ್ತಾರೆ. ಕೇಳುವುದು ಕಲಾವಿದರ ಮಾತನ್ನು, ಕೇಳಿಸುವುದು ಯಂತ್ರ. ಕೇಳುವವರ ಲೋಕವಾದರೋ ಬಹುಮಟ್ಟಿಗೆ ವಿಜ್ಞಾನದಿಂದ ಕಟ್ಟಲ್ಪಟ್ಟದ್ದು. ಈ ಮೂರರ ಸಂಬಂಧವೇನು, ಯಂತ್ರ ಮತ್ತು ವಿಜ್ಞಾನಗಳು ಮಾತಿನ ಕಲೆಗೆ ಎಲ್ಲಿ ಒದಗುತ್ತವೆ, ಎಲ್ಲಿ ತೊಡಕಾಗುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ತಾಳಮದ್ದಳೆಯು ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತನು ಹಾಡುವ ಪ್ರಸಂಗದ ಪದ್ಯ ಲಿಖಿತವಾದುದು. ಅರ್ಥಧಾರಿಯ ಮಾತು ಲಿಖಿತವಾದುದಲ್ಲ. ಎದುರಿನ ಪಾತ್ರಧಾರಿ ಏನು ಕೇಳುವನೋ ಅದಕ್ಕೆ ಆ ಕ್ಷಣದಲ್ಲಿಯೇ ಉತ್ತರ ಹುಟ್ಟಬೇಕು. ಆದುದರಿಂದ ಇದು ಆಶುಮಾತಿನ ಕಲೆ, ವಾದದ ಕಲೆ. ವಾಲಿ, ರಾವಣ, ಮಾಗಧರಂತಹ ಪಾತ್ರಗಳನ್ನು ತರ್ಕದ ಬಲದಿಂದ ಎತ್ತಿ ನಿಲ್ಲಿಸಿದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಮೆಲುಮಾತಿನಲ್ಲಿಯೇ ಧ್ವನಿಯನ್ನು ತುಂಬುತ್ತಿದ್ದ ದೇರಾಜೆ ಸೀತಾರಾಮಯ್ಯನವರು, ಮಲ್ಪೆಯ ಸಾಮಗ ಸಹೋದರರು ಇದನ್ನು ಜನಪದ ಮನರಂಜನೆಯ ಮಟ್ಟದಿಂದ ವಿಚಾರಪ್ರಧಾನ ಕಲೆಯ ಮಟ್ಟಕ್ಕೆ ಏರಿಸಿದರು.

ಮೇಳಗಳಿಗೆ ಬಿಡುವಿರುವ ಮಳೆಗಾಲವೇ ತಾಳಮದ್ದಳೆಯ ಕಾಲ. ಅಜೆಕಾರು ಕಲಾಭಿಮಾನಿ ಬಳಗದಂತಹ ಸಂಘಟನೆಗಳು ಊರಿನ ಕಲಾವಿದರನ್ನು ಕರೆಸಿ ಮುಂಬಯಿ ಹಾಗೂ ಉಪನಗರಗಳಲ್ಲಿ ಸರಣಿ ಕೂಟಗಳನ್ನು ನಡೆಸುತ್ತ ಬಂದಿವೆ. 1998ರ ಜನವರಿಯಲ್ಲಿ ಪೂರ್ಣವಾಗಿ ತೆರೆದುಕೊಂಡ ಕೊಂಕಣ ರೈಲುಮಾರ್ಗವು ಇಂತಹ ಸಂಚಾರಕ್ಕೆ ಅನುಕೂಲ ಒದಗಿಸಿತು. ಊರಿನ ಚಾವಡಿಯ ಕಲೆ ಹೀಗೆ ನಗರದ ಸಿಮೆಂಟಿನ ಸಭಾಗೃಹಕ್ಕೆ ಬಂದಿತು. ಮೊದಲ ಸಮಸ್ಯೆ ಇಲ್ಲಿಯೇ ಹುಟ್ಟಿತು.

3

ಬಯಲಾಟದ ಚರಿತ್ರೆಯಲ್ಲಿ ಬೆಳಕಿನದು ದೊಡ್ಡ ಅಧ್ಯಾಯ. ದೊಂದಿಯಿಂದ ಗ್ಯಾಸ್‌ಲೈಟಿಗೆ, ಅಲ್ಲಿಂದ ವಿದ್ಯುದ್ದೀಪಕ್ಕೆ ಬಂದಂತೆ ಮುಖವರ್ಣಿಕೆ, ಉಡುಗೆಗಳ ಬಣ್ಣಗಾರಿಕೆ ಬದಲಾಯಿತು. ತಾಳಮದ್ದಳೆಗೆ ಬೆಳಕಿಗಿಂತ ಧ್ವನಿ ಮುಖ್ಯ. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಧ್ವನಿಯ ಮಟ್ಟ ಸುಮಾರು 6 ಡೆಸಿಬೆಲ್‌ಗಳಷ್ಟು ಇಳಿಯುತ್ತದೆ. ಎರಡು ಮೀಟರು ದೂರದಲ್ಲಿ ಸಹಜವಾಗಿ ಕೇಳುವ ಮಾತು ಹದಿನಾರು ಮೀಟರು ದೂರ ಹೋಗುವಷ್ಟರಲ್ಲಿ ಮೂರು ಬಾರಿ ಹೀಗೆ ಇಳಿದು 18 ಡೆಸಿಬೆಲ್‌ಗಳಷ್ಟು ಕ್ಷೀಣಿಸಿರುತ್ತದೆ. ಯಂತ್ರವಿಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಮಾತು ಮುಟ್ಟಬೇಕಾದರೆ ಕಂಠವನ್ನು ಎತ್ತರಿಸದೆ ಗತಿಯಿರಲಿಲ್ಲ. ವೀರ, ರೌದ್ರಗಳಿಗೆ ಅದು ಒಪ್ಪುತ್ತಿತ್ತು. ಸಂಧಾನಕ್ಕೆ ಬಂದ ಕೃಷ್ಣನು ಕರ್ಣನ ಕಿವಿಯಲ್ಲಿ ಹುಟ್ಟಿನ ಗುಟ್ಟನ್ನು ಹೇಳುವಾಗ ಒಪ್ಪುತ್ತಿರಲಿಲ್ಲ.

ಮೈಕ್ ಬಂದುದರಿಂದ ಈ ಗುಟ್ಟು ಗುಟ್ಟಾಗಿಯೇ ನೂರಾರು ಜನರನ್ನು ಮುಟ್ಟುವುದು ಸಾಧ್ಯವಾಯಿತು. ಪಿಸುಮಾತು, ನಿಟ್ಟುಸಿರು, ಮಾತಿನ ನಡುವಣ ಮೌನ – ಇವೆಲ್ಲ ಕಲಾವಿದನ ಸಾಮಗ್ರಿಗಳಾದವು. ಧ್ವನಿವರ್ಧಕವು ಕಲೆಯನ್ನು ಕೆಡಿಸಿತೆಂದು ಸಾರಾಸಗಟಾಗಿ ಹೇಳುವವರು ಈ ಲಾಭವನ್ನು ಮರೆಯುತ್ತಾರೆ. ಆದರೆ ಯಂತ್ರವೂ ತನ್ನದೇ ಶಿಸ್ತನ್ನು ಬೇಡುತ್ತದೆ. ತುಟಿಯ ತೀರ ಸಮೀಪ ಮೈಕ್ ಇದ್ದಾಗ ಪವರ್ಗದ ಅಕ್ಷರಗಳ ಉಸಿರು ಸದ್ದಾಗಿ ಬಡಿಯುತ್ತದೆ; ಶ, ಷ, ಸಕಾರಗಳು ಕರ್ಕಶವಾಗುತ್ತವೆ. ಆವೇಶದಲ್ಲಿ ಮುಖ ತಿರುಗಿಸಿದರೆ ವಾಕ್ಯದ ಕೊನೆಯ ಕ್ರಿಯಾಪದವೇ ಕಳೆದುಹೋಗುತ್ತದೆ. ಕನ್ನಡ ವಾಕ್ಯದ ನಿರ್ಣಯವಿರುವುದು ಕೊನೆಯಲ್ಲಿ. ‘ಕೊಡುತ್ತೇನೆ’ಯೋ ‘ಕೊಡಲಾರೆ’ಯೋ ಎಂಬುದು ಕೇಳದಿದ್ದರೆ ಇಡೀ ವಾದ ವ್ಯರ್ಥ.

ಶ್ರುತಿಯ ವಿಷಯದಲ್ಲಿಯೂ ಇಂತಹುದೇ ಪಲ್ಲಟ ನಡೆದಿದೆ. ಪುಂಗಿಯ ಜಾಗಕ್ಕೆ ಹಾರ್ಮೋನಿಯಂ ಬಂದಿತು. ಅನಂತರ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬಂದಿತು. ಇಂತಹ ಉಪಕರಣವನ್ನು 1979ರ ಸುಮಾರಿಗೆ ರೂಪಿಸಿದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಇಂಜಿನಿಯರರೂ ಹೌದು, ಕೊಳಲುವಾದಕರೂ ಹೌದು. ಕಲೆಯ ಅಗತ್ಯವನ್ನು ಒಳಗಿನಿಂದ ಬಲ್ಲವನು ಯಂತ್ರವನ್ನು ರೂಪಿಸಿದಾಗ ಅದು ಕಲೆಗೆ ಹೊರಗಿನದಾಗಿ ಉಳಿಯುವುದಿಲ್ಲ. ಆದರೆ ಮದ್ದಳೆಯ ಚರ್ಮಕ್ಕೆ ಯಾವ ಪೆಟ್ಟಿಗೆಯೂ ಪರ್ಯಾಯವಲ್ಲ. ಮಳೆಗಾಲದ ತೇವಕ್ಕೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಹವಾನಿಯಂತ್ರಿತ ಸಭಾಗೃಹದ ಒಣಗಾಳಿಗೆ ಬಿಗಿದುಕೊಳ್ಳುತ್ತದೆ. ಶ್ರುತಿಪೆಟ್ಟಿಗೆ ಕದಲದೆ ನಿಂತಿರುವಾಗ ಈ ಏರಿಳಿತವನ್ನು ಸರಿದೂಗಿಸುವುದು ಮದ್ದಳೆಗಾರನ ಕೈ ಮತ್ತು ಕಿವಿ.

4

ಸಭಾಗೃಹದ ಸಮಸ್ಯೆ ಇದಕ್ಕಿಂತ ಸೂಕ್ಷ್ಮವಾದುದು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಮಂದಿರದಲ್ಲಿ ಯಾರ ಭಾಷಣವೂ ಅರ್ಥವಾಗುತ್ತಿರಲಿಲ್ಲ. ಕಾರಣವನ್ನು ಹುಡುಕಲು ನೇಮಕಗೊಂಡ ತರುಣ ಭೌತವಿಜ್ಞಾನಿ ವಾಲೇಸ್ ಸೇಬಿನ್ ಅಲ್ಲಿ ಆಡಿದ ಮಾತು ಸುಮಾರು ಐದೂವರೆ ಸೆಕೆಂಡುಗಳ ಕಾಲ ಅನುರಣಿಸುತ್ತದೆಯೆಂದು ಕಂಡುಕೊಂಡ. ಒಂದು ಶಬ್ದ ಅಡಗುವುದಕ್ಕೆ ಮೊದಲೇ ಹತ್ತು ಶಬ್ದಗಳು ಅದರ ಮೇಲೆ ಬೀಳುತ್ತಿದ್ದವು. ಆಸನಗಳ ಮೆತ್ತೆಗಳನ್ನು ತಂದು ಹಾಸಿ, ಜನರನ್ನು ಕುಳ್ಳಿರಿಸಿ ಅಳೆದು ನೋಡಿ, ಮೃದುವಾದ ವಸ್ತುಗಳೂ ಮನುಷ್ಯರ ದೇಹಗಳೂ ಧ್ವನಿಯನ್ನು ಹೀರಿಕೊಳ್ಳುತ್ತವೆಂದು ಆತ ತೋರಿಸಿದ.

ಈ ಪಾಠ ಡೊಂಬಿವಲಿಯ ಸಭಾಗೃಹಕ್ಕೂ ಅನ್ವಯಿಸುತ್ತದೆ. ಹಂಚು ಹಾಸಿದ ನೆಲ, ಗಾರೆಯ ಗೋಡೆ, ಎತ್ತರದ ಚಾವಣಿ – ಮದುವೆಗೂ ಶಾಲೆಗೂ ಕಟ್ಟಿದ ಕೋಣೆಯ ಲಕ್ಷಣಗಳಿವು. ಮಾತಿನ ಶಕ್ತಿಯ ಬಹುಭಾಗ ಸ್ವರಗಳಲ್ಲಿರುತ್ತದೆ. ಅರ್ಥವನ್ನು ಬೇರ್ಪಡಿಸುವ ವ್ಯಂಜನಗಳು ಕ್ಷೀಣವೂ ಕ್ಷಣಿಕವೂ ಆಗಿರುತ್ತವೆ. ಅನುರಣನ ಹೆಚ್ಚಿದಾಗ ಸ್ವರಗಳು ಒಂದರೊಳಗೊಂದು ಹರಿದು ವ್ಯಂಜನಗಳನ್ನು ಮುಳುಗಿಸುತ್ತವೆ. ಕೌರವನ ಮಾತಿನಲ್ಲಿ ‘ಬಲ’, ‘ಫಲ’, ‘ಛಲ’ ಎಂಬ ಮೂರು ಪದಗಳು ಬಂದರೆ ಹಿಂದಿನ ಸಾಲಿನವರಿಗೆ ಮೂರೂ ಒಂದೇ ಆಗಿ ಕೇಳುತ್ತವೆ. ಕೇಳಿಸುವುದಿಲ್ಲವೆಂದು ಅವರು ದೂರಿದಾಗ ಸದ್ದನ್ನು ಏರಿಸುವುದು ರೂಢಿ. ಆದರೆ ಸದ್ದಿನೊಡನೆ ಅನುರಣನವೂ ಏರುವುದರಿಂದ ರೋಗ ಉಲ್ಬಣಿಸುತ್ತದೆ. ಸದ್ದನ್ನು ಇಳಿಸಿ ಧ್ವನಿಪೆಟ್ಟಿಗೆಗಳನ್ನು ಕೇಳುಗರ ಹತ್ತಿರ ಇಡುವುದು, ಕಿಟಕಿಗಳಿಗೆ ದಪ್ಪ ಪರದೆ ಕಟ್ಟುವುದು, ಅರ್ಥಧಾರಿ ವಾಕ್ಯಗಳ ನಡುವೆ ಬಿಡುವು ಕೊಡುವುದು – ಇವು ಸರಿಯಾದ ಮದ್ದು. ಕೂಟದ ದೊಡ್ಡ ಪರದೆ ಪ್ರೇಕ್ಷಕರೇ. ತುಂಬಿದ ಸಭೆಯಲ್ಲಿ ಮಾತು ಸ್ಪಷ್ಟವಾಗುವುದು ಕಲಾವಿದನ ಉತ್ಸಾಹದಿಂದ ಮಾತ್ರವಲ್ಲ, ಕುಳಿತ ದೇಹಗಳಿಂದಲೂ ಹೌದು.

ಕಾಲದ ಮಿತಿಯನ್ನು ಹೇರಿದುದೂ ಯಂತ್ರಯುಗವೇ. ಊರಿನಲ್ಲಿ ಬೆಳಗಾಗುವವರೆಗೆ ನಡೆಯುತ್ತಿದ್ದ ಕೂಟ ಇಲ್ಲಿ ಕೊನೆಯ ಲೋಕಲ್ ರೈಲಿನ ವೇಳೆಗೆ ಮುಗಿಯಬೇಕಾಯಿತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕವನ್ನು ನಿರ್ಬಂಧಿಸಿ, ಮುಚ್ಚಿದ ಸಭಾಗೃಹಗಳಿಗೆ ವಿನಾಯಿತಿ ಕೊಟ್ಟವು. ಮೂರು ಗಂಟೆಗಳ ಚೌಕಟ್ಟಿನಲ್ಲಿ ಪೀಠಿಕೆ ಮೊಟಕಾಯಿತು. ವಾದದ ತಿರುಳು ಬೇಗ ಬರಬೇಕಾಯಿತು. ಇದನ್ನು ನಷ್ಟವೆಂದು ಮಾತ್ರ ಎಣಿಸಬೇಕಾಗಿಲ್ಲ. ಹೇಳಬೇಕಾದುದನ್ನು ಮೊದಲೇ ತೂಗಿ ನೋಡುವ ಅಭ್ಯಾಸ ಅರ್ಥಗಾರಿಕೆಗೆ ಹಿತವನ್ನೂ ತರಬಲ್ಲುದು.

5

ಇದುವರೆಗೆ ಹೇಳಿದುದು ಮಾತಿನ ಹೊರಗಿನ ವಿಜ್ಞಾನ. ಮಾತಿನ ಒಳಗೆ ವಿಜ್ಞಾನ ಬರಬಹುದೇ ಎಂಬುದು ಹೆಚ್ಚು ಕಠಿಣವಾದ ಪ್ರಶ್ನೆ. ಶಿವರಾಮ ಕಾರಂತರು (1902–1997) ಈ ಸಂದರ್ಭದಲ್ಲಿ ನೆನಪಾಗುತ್ತಾರೆ. 1936ರ ‘ಬಾಲಪ್ರಪಂಚ’, ಅನಂತರದ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ಗಳನ್ನು ಬರೆದವರೇ ಯಕ್ಷಗಾನದ ಪ್ರಯೋಗಗಳನ್ನೂ ನಡೆಸಿದರು. ಆದರೆ ಆ ಪ್ರಯೋಗಗಳಲ್ಲಿ ಅವರು ಮಾತನ್ನೇ ಬಹುಮಟ್ಟಿಗೆ ಕೈಬಿಟ್ಟು ಹಾಡು, ಕುಣಿತಗಳನ್ನು ಉಳಿಸಿಕೊಂಡರು. ವಿಜ್ಞಾನವು ಗದ್ಯದಲ್ಲಿ, ಕಲೆಯು ರಂಗದಲ್ಲಿ ಎಂಬುದು ಅವರು ಕಂಡುಕೊಂಡ ವ್ಯವಸ್ಥೆ. ಮಾತನ್ನೇ ಉಸಿರಾಗಿಸಿಕೊಂಡ ತಾಳಮದ್ದಳೆಗೆ ಈ ದಾರಿ ಇಲ್ಲ.

ಪೌರಾಣಿಕ ಪಾತ್ರದ ಬಾಯಲ್ಲಿ ಅಣುಬಾಂಬು, ಉಪಗ್ರಹ, ಕಂಪ್ಯೂಟರುಗಳನ್ನು ತಂದು ಚಪ್ಪಾಳೆ ಗಿಟ್ಟಿಸುವ ಪ್ರವೃತ್ತಿಯೊಂದಿದೆ. ಬ್ರಹ್ಮಾಸ್ತ್ರವೆಂದರೆ ಅಣ್ವಸ್ತ್ರವೇ ಎಂದು ಸಾಧಿಸುವುದು ಇದರ ಇನ್ನೊಂದು ರೂಪ. ಇದರಿಂದ ಪುರಾಣಲೋಕ ಒಡೆಯುತ್ತದೆ, ವಿಜ್ಞಾನವೂ ಲಭಿಸುವುದಿಲ್ಲ. ಹೆಸರನ್ನು ಹೇಳಿದ ಮಾತ್ರಕ್ಕೆ ಕಾರ್ಯಕಾರಣ ಸಂಬಂಧ ತಿಳಿಯುವುದಿಲ್ಲ. ಕೇಳುಗರ ನಡುವೆ ಕುಳಿತ ರಸಾಯನ ತಂತ್ರಜ್ಞನಿಗಂತೂ ಇದು ಹಾಸ್ಯಾಸ್ಪದವೆನಿಸುತ್ತದೆ.

ಇದಕ್ಕೆ ಪ್ರತಿಯಾಗಿ ಕೃಷ್ಣಕಥೆಯ ಗೋವರ್ಧನ ಸಂದರ್ಭವನ್ನು ನೋಡಬಹುದು. ಇಂದ್ರನಿಗೆ ಪೂಜೆ ಸಲ್ಲಿಸಲು ಹೊರಟ ನಂದಗೋಪನನ್ನು ಬಾಲಕ ಕೃಷ್ಣನು ಪ್ರಶ್ನಿಸುತ್ತಾನೆ. ಮೋಡಗಳು ಪ್ರಕೃತಿಯ ಗುಣದಿಂದ ಪ್ರೇರಿತವಾಗಿ ಮಳೆಗರೆಯುತ್ತವೆ, ಅದರಲ್ಲಿ ಇಂದ್ರನ ಪಾತ್ರವೇನು ಎಂಬ ವಾದ ಭಾಗವತ ಪುರಾಣದ ದಶಮಸ್ಕಂಧದಲ್ಲಿಯೇ ಇದೆ. ಸಮರ್ಥ ಅರ್ಥಧಾರಿಗೆ ಇದು ತೆರೆದ ಬಾಗಿಲು. ಕಡಲ ಕಡೆಯಿಂದ ಬಂದ ತೇವಗಾಳಿ ಬೆಟ್ಟಕ್ಕೆ ತಗುಲಿ ಮೇಲೇರುತ್ತದೆ, ಮೇಲೇರಿ ತಂಪಾಗುತ್ತದೆ, ತಂಪಾಗಿ ಹನಿಗೂಡುತ್ತದೆ. ಆದುದರಿಂದ ನಮಗೆ ನೀರು ಕೊಡುವುದು ಈ ಬೆಟ್ಟ, ಈ ಕಾಡು – ಇಷ್ಟನ್ನೂ ಗೊಲ್ಲರ ಹುಡುಗನ ಕಣ್ಣಿಗೆ ಬಿದ್ದ ಸಂಗತಿಯಾಗಿ, ಅವನದೇ ಮಾತಿನಲ್ಲಿ ಹೇಳಬಹುದು. ಒಂದು ಪಾರಿಭಾಷಿಕ ಪದವೂ ಬೇಕಾಗುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದುದನ್ನೂ, ಉಲ್ಹಾಸ ನದಿಯ ನೆರೆ ಕಲ್ಯಾಣ ಪರಿಸರವನ್ನು ಮುಳುಗಿಸಿದುದನ್ನೂ ಕಂಡವರಿಗೆ, ಇಂದ್ರನ ಕೋಪದ ಮಳೆ ಎಂದಾಗ ಏನು ನೆನಪಾಗುವುದೆಂದು ಪಾತ್ರಧಾರಿ ಹೇಳಬೇಕಾಗಿಯೇ ಇಲ್ಲ. ಹೇಳಿದರೆ ಧ್ವನಿ ಕೆಡುತ್ತದೆ. ಖಾಂಡವವನದ ದಹನದಲ್ಲಿ ಕಾಡಿನ ಜೀವಿಗಳ ಪರವಾಗಿ ತಕ್ಷಕನ ಪಕ್ಷ ಮಾತನಾಡುವಾಗಲೂ ಇಂತಹ ಅವಕಾಶವುಂಟು.

ವಿಜ್ಞಾನದ ಹೆಸರು ಪಾತ್ರದ ಬಾಯಿಗೆ ಬರಬೇಕಾಗಿಲ್ಲ. ವಿಜ್ಞಾನದ ನೋಟ ಬರಬಹುದು – ಇದನ್ನು ಈ ಚರ್ಚೆಯ ತಿರುಳೆಂದು ಭಾವಿಸಬಹುದು. ಕಾರಣವನ್ನು ಕೇಳುವುದು, ಪ್ರಮಾಣವನ್ನು ಬೇಡುವುದು, ಎದುರಾಳಿಯ ಪಕ್ಷವನ್ನು ಪೂರ್ಣವಾಗಿ ಕೇಳಿದ ಮೇಲೆಯೇ ಖಂಡಿಸುವುದು: ಇವು ತಾಳಮದ್ದಳೆಯಲ್ಲಿ ಮೊದಲಿನಿಂದಲೂ ಇರುವ ಗುಣಗಳು.

6

1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ, ಅನಂತರದ ಧ್ವನಿಸುರುಳಿಗಳು, ಇಂದಿನ ಅಂತರ್ಜಾಲ ಈ ಮಾತನ್ನು ಮನೆಮನೆಗೆ ಮುಟ್ಟಿಸಿವೆ. 2020ರ ಸೋಂಕಿನ ಕಾಲದಲ್ಲಿ ಸಭಾಗೃಹಗಳು ಮುಚ್ಚಿದಾಗ ಕೂಟಗಳು ಪರದೆಯ ಮೇಲೆ ನಡೆದವು. ಕಲೆಯನ್ನು ಉಳಿಸಿಕೊಳ್ಳಲು ಅದು ಅನಿವಾರ್ಯವಾಗಿತ್ತು. ಆದರೆ ಎದುರು ಕುಳಿತವರ ತಲೆದೂಗುವಿಕೆಯಿಂದ, ಮೌನದಿಂದ, ನಗುವಿನಿಂದ ಆಶುಮಾತು ತಿರುವು ಪಡೆಯುತ್ತದೆ. ಮುದ್ರಿತ ಮಾತು ಅಭ್ಯಾಸಕ್ಕೆ ಒದಗುತ್ತದೆ. ಹಿಂದಿನವರ ಅರ್ಥವನ್ನು ಬಾಯಿಪಾಠ ಮಾಡಲು ಬಳಕೆಯಾದರೆ ಕಲೆಯ ಬೇರನ್ನೇ ಕಡಿಯುತ್ತದೆ.

ಈ ಪರಿಸರದ ಹೊಸ ತಲೆಮಾರು ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಕಲಿಯುತ್ತದೆ, ಚಿಂತಿಸುತ್ತದೆ. ತುಳು, ಕೊಂಕಣಿ ಅಥವಾ ಕನ್ನಡ ಮನೆಯ ಅಡುಗೆ, ಹಬ್ಬ, ಹರಕೆಗಳ ನುಡಿಯಾಗಿ ಉಳಿಯುತ್ತದೆ. ವಾದ ಮಾಡಲು ಬಳಕೆಯಾಗದ ಭಾಷೆ ಕ್ರಮೇಣ ವಿಚಾರ ಮಾಡಲೂ ಬಳಕೆಯಾಗುವುದಿಲ್ಲ. ಪಾಲಿಮರ್ ತಂತ್ರಜ್ಞರಾಗಿದ್ದ ಯಶವಂತ ಚಿತ್ತಾಲರು 1979ರ ‘ಶಿಕಾರಿ’ಯಲ್ಲಿ ಮುಂಬಯಿಯ ಔದ್ಯೋಗಿಕ ಲೋಕವನ್ನು ಕನ್ನಡದ ಗದ್ಯಕ್ಕೆ ಒಗ್ಗಿಸಿದರು, ಆದರೆ ಕಾದಂಬರಿಯನ್ನು ಓದಲು ಅಕ್ಷರ ಬೇಕು. ಅಕ್ಷರ ಬಾರದ ಮಗುವೂ ಅಜ್ಜನ ಪಕ್ಕದಲ್ಲಿ ಕುಳಿತು ವಾಲಿಯ ಪ್ರಶ್ನೆಯನ್ನು ಕೇಳಬಲ್ಲುದು. ಕನ್ನಡದಲ್ಲಿ ಮೂರು ಗಂಟೆಗಳ ಕಾಲ ಬಿಗಿಯಾದ ವಾದ ನಡೆಯಬಲ್ಲುದೆಂಬ ಅರಿವು ಅದಕ್ಕೆ ಬರುವುದಾದರೆ ಬಹುಶಃ ಇಲ್ಲಿಂದಲೇ ಬರಬೇಕು. ಆ ಮಗುವಿಗೆ ‘ಛಲ’ವು ‘ಛಲ’ವಾಗಿಯೇ ಕೇಳಬೇಕು, ಕೇಳಿದ ಮಾತು ಅದರ ಶಾಲೆಯ ಪಾಠಕ್ಕಿಂತ ಕಡಿಮೆ ತರ್ಕದ್ದಾಗಿರಬಾರದು. ಮೊದಲನೆಯದು ಸಂಘಟಕರ ಹೊಣೆ, ಎರಡನೆಯದು ಕಲಾವಿದರ ಹೊಣೆ.