ಶಿಲುಬೆಯ ಮೇಲಿನ ಪ್ರಾರ್ಥನಾ ಶಾಲು

ಈ ವಾರ ನಾವು ಒಂದು ಚಿತ್ರವನ್ನು ನೋಡೋಣ. ಅದು ಯೆಹೂದ್ಯ ಕಲಾವಿದ ಮಾರ್ಕ್ ಶಗಾಲ್ 1938ರಲ್ಲಿ ಬಿಡಿಸಿದ 'ವೈಟ್ ಕ್ರೂಸಿಫಿಕ್ಷನ್'. ನಾಜಿಗಳು ಯೆಹೂದ್ಯರನ್ನು ಹಿಂಸಿಸುತ್ತಿದ್ದ ಕಾಲವದು.

ಶಿಲುಬೆಯ ಸುತ್ತ ಪ್ರಾರ್ಥನಾಮಂದಿರ ಉರಿಯುತ್ತಿದೆ. ಜನ ದೋಣಿಯಲ್ಲಿ ಪಾರಾಗುತ್ತಿದ್ದಾರೆ. ಒಬ್ಬ ತೋರಾ ಸುರುಳಿಯನ್ನು ಅವಚಿಕೊಂಡು ಓಡುತ್ತಿದ್ದಾನೆ. ಯೇಸುಸ್ವಾಮಿಯ ಸೊಂಟಕ್ಕೆ ಸುತ್ತಿರುವುದು ಯೆಹೂದ್ಯರು ಪ್ರಾರ್ಥಿಸುವಾಗ ಹೊದೆಯುವ ಶಾಲು.

ಯೇಸು, ಮಾತೆ ಮರಿಯಮ್ಮ, ಪ್ರೇಷಿತರು ಎಲ್ಲರೂ ಯೆಹೂದ್ಯರೇ. ಇದನ್ನು ಮರೆತ ಎಷ್ಟೋ ಕ್ರೈಸ್ತರು ಶತಮಾನಗಳ ಕಾಲ ಪ್ರಭುವಿನ ಮರಣದ ಹೊಣೆಯನ್ನು ಆ ಇಡೀ ಜನಾಂಗದ ಮೇಲೆ ಹೊರಿಸಿದರು. ಅದು ಸಲ್ಲದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು.

ಶುಭ ಶುಕ್ರವಾರದ ವಾಚನದಲ್ಲಿ 'ಯೆಹೂದ್ಯರು' ಎಂಬ ಮಾತು ಕೇಳಿದಾಗ ಈ ಶಾಲನ್ನು ನೆನೆಯೋಣ.

ಚಿಂತನೆಗೆ: ಒಬ್ಬರ ತಪ್ಪಿಗೆ ಅವರ ಜಾತಿಯವರನ್ನೋ ಭಾಷೆಯವರನ್ನೋ ಒಟ್ಟಾಗಿ ದೂರುವ ಮಾತು ನಮ್ಮ ಬಾಯಲ್ಲೂ ಬರುತ್ತದೆಯೇ?