ಕೊಳುಕೊಡೆ ಮತ್ತು ಸಮ್ಮತಿ: ಆಕ್ಟೇವಿಯಾ ಬಟ್ಲರ್ ಅವರ ‘ಜೆನೊಜೆನೆಸಿಸ್’ ಕಾದಂಬರಿ ತ್ರಿವಳಿ

ವಿಜ್ಞಾನ ಕಥನವನ್ನು ಕೇವಲ ರಂಜನೆಯ ಸಾಹಿತ್ಯವೆಂದು ಬದಿಗಿರಿಸುವ ವಿಮರ್ಶೆಯ ರೂಢಿಯನ್ನು ಮರುಪರಿಶೀಲಿಸಲು ಆಫ್ರಿಕನ್-ಅಮೆರಿಕನ್ ಲೇಖಕಿ ಆಕ್ಟೇವಿಯಾ ಬಟ್ಲರ್ (೧೯೪೭-೨೦೦೬) ಅವರ ಈ ತ್ರಿವಳಿಯು ತಕ್ಕ ಪಠ್ಯವಾಗಿದೆ. ‘ಡಾನ್’ (೧೯೮೭), ‘ಅಡಲ್ಟ್‌ಹುಡ್ ರೈಟ್ಸ್’ (೧೯೮೮), ‘ಇಮಾಗೊ’ (೧೯೮೯) ಇದರ ಮೂರು ಭಾಗಗಳು.

ಅಣುಯುದ್ಧದಲ್ಲಿ ನಾಶವಾದ ಭೂಮಿಯಿಂದ ಬದುಕುಳಿದವರನ್ನು ಓವಾನ್ಕಲಿ ಎಂಬ ಅನ್ಯಗ್ರಹ ಜೀವಿಗಳು ರಕ್ಷಿಸುತ್ತವೆ. ಗಂಡು, ಹೆಣ್ಣು ಮತ್ತು ಊಲೊಯ್ ಎಂಬ ಮೂರು ಲಿಂಗಗಳ ಈ ಜೀವಿಗಳು ವಂಶವಾಹಿಗಳ ವ್ಯಾಪಾರಿಗಳು. ತಮ್ಮೊಡನೆ ಬೆರೆಯದ ಮನುಷ್ಯರಿಗೆ ಸಂತಾನವಿಲ್ಲದಂತೆ ಅವು ಮಾಡಿರುತ್ತವೆ. ಬುದ್ಧಿವಂತಿಕೆ ಮತ್ತು ಮೇಲುಕೀಳಿನ ಪ್ರವೃತ್ತಿ ಎರಡೂ ಕೂಡಿರುವುದರಿಂದ ಮನುಷ್ಯಕುಲವು ತನ್ನನ್ನು ತಾನೇ ಕೊಂದುಕೊಳ್ಳುತ್ತದೆ ಎಂಬುದು ಅವುಗಳ ನಿದಾನ. ಆದರೆ ಮೇಲುಕೀಳನ್ನು ರೋಗವೆನ್ನುವ ಈ ವೈದ್ಯನು ರೋಗಿಯನ್ನು ಕೇಳಿ ಚಿಕಿತ್ಸೆ ಮಾಡುವುದಿಲ್ಲ.

ಕನ್ನಡದ ‘ಕೊಳುಕೊಡೆ’ ಎಂಬ ಪದವು ವ್ಯವಹಾರವನ್ನೂ ವಿವಾಹ ಸಂಬಂಧವನ್ನೂ ಒಟ್ಟಿಗೇ ಹೇಳುತ್ತದೆ. ಓವಾನ್ಕಲಿಗಳ ‘ವ್ಯಾಪಾರ’ಕ್ಕೆ ಇದಕ್ಕಿಂತ ಸಮೀಪದ ಪದ ಇರಲಾರದು. ಆದರೆ ಕೊಳುಕೊಡೆಯಲ್ಲಿ ಎರಡು ಪಕ್ಷಗಳಿರಬೇಕು. ಇಲ್ಲಿ ಇರುವುದು ಒಂದೇ. ‘ಡಾನ್’ ಕಾದಂಬರಿಯ ಅಂತ್ಯದಲ್ಲಿ ನಿಕಾಂಜ್ ಎಂಬ ಊಲೊಯ್, ಸತ್ತುಹೋದ ಜೋಸೆಫ್‌ನ ಬೀಜದಿಂದ ನಾಯಕಿ ಲಿಲಿತ್‌ಳನ್ನು ಆಕೆಯ ಒಪ್ಪಿಗೆಯಿಲ್ಲದೆಯೇ ಗರ್ಭಿಣಿಯನ್ನಾಗಿಸುತ್ತದೆ. ಆಕೆ ಬಾಯಿಬಿಟ್ಟು ಕೇಳಲಾರದ ಬಯಕೆಯನ್ನೇ ತಾನು ಪೂರೈಸಿದ್ದಾಗಿ ಸಮರ್ಥಿಸಿಕೊಳ್ಳುತ್ತದೆ. ಕಪ್ಪು ಹೆಣ್ಣಿನ ಒಡಲು ಒಡೆಯನ ಸೊತ್ತಾಗಿದ್ದ ಅಮೆರಿಕದ ಗುಲಾಮಗಿರಿಯ ಚರಿತ್ರೆಯನ್ನು ಬಲ್ಲವರಿಗೆ ಈ ಸಮರ್ಥನೆ ಹೊಸದೇನಲ್ಲ. ಹಾಗೆಂದು ಕೃತಿಯನ್ನು ಗುಲಾಮಗಿರಿಯ ರೂಪಕಕ್ಕೆ ಇಳಿಸಿಬಿಡುವುದೂ ಸರಿಯಲ್ಲ. ಲಿಲಿತ್ ನಿಕಾಂಜ್‌ನನ್ನು ಪ್ರೀತಿಸುತ್ತಾಳೆ. ಆ ಪ್ರೀತಿ ನಿಜವೂ ಹೌದು, ರಾಸಾಯನಿಕವೂ ಹೌದು.

ಎರಡನೆಯ ಭಾಗದ ಅಕಿನ್, ಮನುಷ್ಯ ಹೆಣ್ಣು ಹೆತ್ತ ಮೊದಲ ಮಿಶ್ರಸಂತತಿಯ ಗಂಡು. ಪ್ರತಿರೋಧಿಗಳಿಂದ ಅಪಹೃತನಾಗಿ ಅವರ ನಡುವೆ ಬೆಳೆದ ಇವನು ಮನುಷ್ಯರಿಗೆ ಮಂಗಳ ಗ್ರಹದಲ್ಲಿ ಸ್ವತಂತ್ರ ನೆಲೆಯನ್ನು ಗಳಿಸಿಕೊಡುತ್ತಾನೆ. ಕಥನದ ಈ ಭಾಗ ತುಸು ದೀರ್ಘವೇ.

ಮೊದಲೆರಡು ಭಾಗಗಳು ಪ್ರಥಮ ಪುರುಷದಲ್ಲಿದ್ದರೆ, ‘ಇಮಾಗೊ’ದಲ್ಲಿ ಮಿಶ್ರಸಂತತಿಯ ಮೊದಲ ಊಲೊಯ್ ಆದ ಜೋಡಾಸ್ ‘ನಾನು’ ಎಂದು ಮಾತನಾಡುತ್ತದೆ. (ಇಂಗ್ಲಿಷ್ ಮೂಲದಲ್ಲೂ ಊಲೊಯ್‌ಗೆ ನಪುಂಸಕ ಸರ್ವನಾಮವೇ ಇದೆ. ಕನ್ನಡದ ‘ಅದು’ ವಸ್ತುವಿಗೂ ಪಶುವಿಗೂ ಸಲ್ಲುವಂತೆ ಕೂಸಿಗೂ ಸಲ್ಲುವುದರಿಂದ ಅನುವಾದಕರಿಗೆ ಇಲ್ಲೊಂದು ಅನುಕೂಲವಿದೆ.) ಇದು ಕೇವಲ ತಂತ್ರದ ಬದಲಾವಣೆಯಲ್ಲ. ಸೆರೆಯಾದವಳ ಕಣ್ಣಿನಿಂದ ನೋಡುತ್ತಿದ್ದ ಓದುಗರು ಈಗ ಒಲಿಸಿಕೊಳ್ಳುವವರ ಕಣ್ಣಿನಿಂದ ನೋಡತೊಡಗುತ್ತಾರೆ. ಜೊತೆಗಾರರಿಲ್ಲದ ಅದರ ಸಂಕಟಕ್ಕೆ ಮರುಗುತ್ತಾರೆ. ಕೊನೆಯಲ್ಲಿ ಜೋಡಾಸ್ ಹೊಸ ಊರೊಂದರ ಬೀಜವನ್ನು ನೆಲದಲ್ಲಿ ಊರುತ್ತದೆ. ಇಂಥ ಊರುಗಳೇ ಬೆಳೆದು ನೌಕೆಗಳಾಗಿ, ಭೂಮಿಯನ್ನು ಬರಿದು ಮಾಡಿ ಹೊರಡಲಿವೆ ಎಂಬುದು ಓದುಗರಿಗೆ ಎರಡನೆಯ ಕಾದಂಬರಿಯಲ್ಲೇ ತಿಳಿದಿರುತ್ತದೆ.