ಕತ್ತಿಗೆ ಹಿಡಿ ಹಾಕೋದು ಮನೆಯಲ್ಲೇ ಕಲಿಯಿರಿ

ಕತ್ತಿ ಮಸೆಯೋದಕ್ಕೆ ನಾವು ಕೊಡುವ ಗಮನವನ್ನು ಹಿಡಿಗೆ ಕೊಡುವುದಿಲ್ಲ. ಹಿಡಿ ಸಡಿಲವಾದ ಕತ್ತಿ ಬೀಸಿದ ಏಟಿಗೆ ಕೈಯಲ್ಲೇ ತಿರುಗುತ್ತೆ, ಕೆಲವೊಮ್ಮೆ ಕಳಚಿಕೊಂಡು ಹಾರುತ್ತೆ. ಪಕ್ಕದ ಸಾಲಿನಲ್ಲಿ ಬಗ್ಗಿ ಕೆಲಸ ಮಾಡುತ್ತಿರುವವರ ಗತಿ ಏನು?

ನಾನು ತೋಟಗಾರಿಕೆ ಪದವಿ ಓದಿದವನು. ಕಾಲೇಜಿನಲ್ಲಿ ಕಸಿ ಚಾಕು ಹಿಡಿಯೋದು ಕಲಿಸಿದರು. ಚಾಕುವಿಗೆ ಹಿಡಿ ಹಾಕೋದನ್ನು ಕಲಿತದ್ದು ನಮ್ಮ ಸುತ್ತಿನಲ್ಲಿ ಉಳಿದಿರುವ ಒಂದೇ ಕುಲುಮೆಯಲ್ಲಿ. ಅಲ್ಲಿಯ ಆಚಾರ್ರು ಹೇಳಿದ್ದು ಇಷ್ಟು: "ಅಲಗು ನಾನು ಮಾಡಿಕೊಡ್ತೀನಿ ಕಣಪ್ಪ. ಹಿಡಿ ಮಾತ್ರ ಹಿಡಿಯೋನ ಕೈ ನೋಡಿ ಮಾಡಬೇಕು." ಅವರ ನಂತರ ಆ ಕುಲುಮೆ ಹಚ್ಚುವವರಿಲ್ಲ. ಹಾಗಾಗಿ ಈ ಕೆಲಸ ನಮ್ಮ ಮನೆಗಳಿಗೆ ಬರಲೇಬೇಕು.

ಯಾವ ಮರ?

ಜಾಲಿ, ಹುಣಸೆ, ಸೀಬೆ ಮೂರೂ ಗಟ್ಟಿ. ಬದುವಿನ ಮೇಲೆ ಹಸಿರೆಲೆ ಗೊಬ್ಬರಕ್ಕೆ ಬೆಳೆಸುವ ಗ್ಲಿರಿಸಿಡಿಯಾ ಕೂಡ ಹಿಡಿಗೆ ಒಳ್ಳೆಯ ಮರ. ಆದರೆ ಆ ಗಿಡದಲ್ಲಿ ವಿಷದ ಅಂಶ ಇರುವುದರಿಂದ ಅಡುಗೆ ಮನೆಯ ಚಾಕುವಿಗೆ ಬೇಡ, ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ದಪ್ಪ ಕೊಂಬೆಯನ್ನು ಉದ್ದಕ್ಕೆ ಸೀಳಿ, ನಡುವಿನ ತಿರುಳು ಬಿಟ್ಟು ಉಳಿದ ಭಾಗ ತೆಗೆದುಕೊಳ್ಳಿ. ತಿರುಳು ಒಳಗಿದ್ದರೆ ಒಣಗುವಾಗ ಬಿರುಕು ಬಿಡುತ್ತೆ. ತುಂಡಿನ ಎರಡೂ ತುದಿಗೆ ಸಗಣಿ ಇಲ್ಲವೇ ಮೇಣ ಬಳಿಯಿರಿ. ಕಸಿ ಕಡ್ಡಿಯ ತುದಿಗೆ ಮೇಣ ಹಚ್ಚುವ ಕಾರಣವೇ ಇಲ್ಲೂ: ಮರದ ನೀರು ಕೊಯ್ದ ತುದಿಯಿಂದ ಬೇಗ ಹೊರಗೆ ಹೋಗುತ್ತೆ, ಆಗ ತುದಿ ಸೀಳುತ್ತೆ. ನೆರಳಲ್ಲಿ ಒಣಗಿಸಿ. 2 ವಾರಕ್ಕೊಮ್ಮೆ ತೂಕ ಮಾಡಿ. ತೂಕ ಇಳಿಯೋದು ನಿಂತಾಗ ಮರ ಸಿದ್ಧ. ಇದಕ್ಕೆ ತಿಂಗಳುಗಳೇ ಬೇಕು. ಹಸಿ ಮರದಲ್ಲಿ ಮಾಡಿದ ಹಿಡಿ ಒಣಗಿದ ಮೇಲೆ ಕುಗ್ಗಿ ಸಡಿಲವಾಗುತ್ತೆ.

ಅಳತೆ

ಹಿಡಿ 10ರಿಂದ 13 ಸೆಂ.ಮೀ. ಉದ್ದ, 3ರಿಂದ 4 ಸೆಂ.ಮೀ. ದಪ್ಪ ಇರಲಿ. ಹಿಡಿದಾಗ ಹೆಬ್ಬೆರಳು ತೋರುಬೆರಳಿನ ತುದಿಯ ಮೇಲೆ ಕೂರಬೇಕು. ಅಂಗಡಿ ಹಿಡಿ ಎಲ್ಲರಿಗೂ ಒಂದೇ ಅಳತೆ. ನಮ್ಮ ತೋಟಕ್ಕೆ ಬರುವ ಹೆಣ್ಣುಮಕ್ಕಳ ಕೈಗೆ ಅದು ದಪ್ಪ. ಬಿಗಿಯಾಗಿ ಹಿಡಿದು ಹಿಡಿದು ಮಣಿಕಟ್ಟು ನೋವು, ಅಂಗೈಯಲ್ಲಿ ಬೊಬ್ಬೆ. ಅವರ ಕುಡುಗೋಲಿಗೆ 3 ಸೆಂ.ಮೀ. ಹಿಡಿ ಹಾಕಿಕೊಟ್ಟ ಮೇಲೆ, "ಈಗ ಇದು ನಂದು, ಯಾರಿಗೂ ಕೊಡಬೇಡಿ" ಅಂತ ಒಬ್ಬ ಅಕ್ಕ ಎತ್ತಿಟ್ಟುಕೊಂಡರು.

ಕೂರಿಸುವ ಕ್ರಮ

1. ಮೊದಲು ಬಳೆ. ಮುಕ್ಕಾಲು ಇಂಚಿನ ಜಿಐ ಪೈಪಿನಲ್ಲಿ 2 ಸೆಂ.ಮೀ. ತುಂಡು ಕೊಯ್ದು, ಅಂಚನ್ನು ಅರದಿಂದ ಉಜ್ಜಿ. ಹಿಡಿಯ ಬಾಯಿಯನ್ನು ಅದಕ್ಕೆ ಬಿಗಿಯಾಗುವಷ್ಟು ಕೆತ್ತಿ, ಬಳೆಯನ್ನು ತಟ್ಟಿ ಕೂರಿಸಿ. ಬಳೆ ಇಲ್ಲದೆ ಅಲಗು ಹೊಡೆದರೆ ಮರ ಸೀಳುತ್ತೆ.

2. ಹಿಡಿಯೊಳಗೆ ಹೋಗುವ ಕತ್ತಿಯ ಬಾಲಕ್ಕಿಂತ ಸಣ್ಣದಾದ ತೂತನ್ನು ನೇರವಾಗಿ ಕೊರೆಯಿರಿ.

3. ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಬಾಲವನ್ನು ಮಾತ್ರ ಕೆಂಪಗೆ ಕಾಯಿಸಿ. ಅಲಗು ಕಾದು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಹೋಯಿತು ಅಂತಲೇ ಲೆಕ್ಕ. ಬಾಲವನ್ನು ತೂತಿಗೆ ಒತ್ತಿ, ಕೆಲವು ಸೆಕೆಂಡಿನಲ್ಲಿ ಹೊರಗೆ ತೆಗೆಯಿರಿ. ಹೀಗೆ ಎರಡು ಮೂರು ಸಲ. ಕೊನೆಯ 1 ಸೆಂ.ಮೀ. ಬಾಕಿ ಇರಲಿ.

4. ತೂತಿನ ಇದ್ದಿಲನ್ನು ಕೆರೆದು ತೆಗೆಯಿರಿ. ಅರಗಿನ ಪುಡಿ ತುಂಬಿ, ಬಾಲವನ್ನು ಹದವಾಗಿ ಬಿಸಿ ಮಾಡಿ ತೂರಿಸಿ. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುವುದೂ ಅರಗೇ. ಮುಂದೆ ಸಡಿಲವಾದರೆ ಬಿಸಿ ಮಾಡಿ ಮತ್ತೆ ಕೂರಿಸಬಹುದು. ಅರಗು ಸಿಗದಿದ್ದರೆ ಎರಡು ಟ್ಯೂಬಿನ ಅಂಟು ಆಗುತ್ತೆ. ಆಗ ಬಾಲ ಪೂರ್ತಿ ಆರಿರಬೇಕು, ಹಚ್ಚಿದ ಮೇಲೆ ಒಂದು ದಿನ ಮುಟ್ಟಬೇಡಿ.

5. ಅಂಟು ಗಟ್ಟಿಯಾಗುವ ಮೊದಲೇ ಅಲಗಿಗೆ ಗೋಣಿ ಸುತ್ತಿ, ಕೆಳಗೆ ತೂಗುವಂತೆ ಹಿಡಿದು, ಹಿಡಿಯ ಹಿಂಬದಿಗೆ ಮರದ ಕೊಡತಿಯಿಂದ ಹೊಡೆಯಿರಿ. ಅಲಗಿನ ಭಾರಕ್ಕೆ ಬಾಲ ತಾನಾಗಿ ಒಳಗೆ ಕೂರುತ್ತೆ.

ಎಣ್ಣೆ

ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ಅಗಸೆ ಎಣ್ಣೆ ಹಚ್ಚಿ. ಇದು ಗಾಳಿಗೆ ಒಣಗಿ ಪದರ ಕಟ್ಟುವ ಎಣ್ಣೆ. ಕೊಬ್ಬರಿ ಎಣ್ಣೆ ಹಾಗೆ ಒಣಗುವುದಿಲ್ಲ, ಹಿಡಿ ಜಾರುತ್ತೆ. ಒಂದು ಎಚ್ಚರಿಕೆ: ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ.

ಮುಂಗಾರಿಗೆ ಮುಂಚೆ ಒಂದು ಸಂಜೆ ಮನೆಯ ಕತ್ತಿ, ಮಚ್ಚು, ಕುಡುಗೋಲು ಎಲ್ಲ ಹೊರಗೆ ತೆಗೆದು, ಅಲಗಿಗೆ ಬಟ್ಟೆ ಸುತ್ತಿ ಹಿಡಿ ಎಳೆದು ನೋಡಿ. ಕೂದಲಷ್ಟು ಅಲುಗಿದರೂ ಅದನ್ನು ಪಕ್ಕಕ್ಕಿಡಿ. ಹಿಡಿ ಹಾಕುವ ತನಕ ಅದು ಹೊಲಕ್ಕೆ ಹೋಗಬಾರದು, ಕೂಲಿಯವರ ಕೈಗಂತೂ ಕೊಡಲೇಬಾರದು.